ಗಣಿ ಮುಚ್ಚಿತು, ಬಿಲ್ ನಿಂತಿಲ್ಲ

ಡಾರ್ಟ್‌ಮಂಡ್ ಫುಟ್‌ಬಾಲ್ ಟೀಮಿನ ಹಳದಿ ಜೆರ್ಸಿ ನೋಡಿದೀರಾ? ಅದರ ಮೇಲೆ ವರ್ಷಗಟ್ಟಲೆ ಎವೊನಿಕ್ ಅನ್ನೋ ಹೆಸರಿತ್ತು. ಅದೊಂದು ಕೆಮಿಕಲ್ ಕಂಪನಿ. ಅದರ ಡಿವಿಡೆಂಡ್‌ನಲ್ಲಿ ಒಂದು ಪಾಲು ಹೋಗೋದು ಎಲ್ಲಿಗೆ ಗೊತ್ತಾ? ಮುಚ್ಚಿದ ಕಲ್ಲಿದ್ದಲು ಗಣಿಗಳ ನೀರೆತ್ತೋಕೆ! ಯಾಕೆ ಅಂತ ತಿಳಿಬೇಕಂದ್ರೆ ಬೊಟ್ರೊಪ್‌ಗೆ ಹೋಗಬೇಕು.

ಬೊಟ್ರೊಪ್ ಇರೋದು ಪಶ್ಚಿಮ ಜರ್ಮನಿಯ ರೂರ್ ಪ್ರದೇಶದಲ್ಲಿ. ಮೊದಲು ಬರೀ ಬೇಸಾಯದ ಹಳ್ಳಿ. 1856ರಲ್ಲಿ ಪ್ರಾಸ್ಪರ್ ಗಣಿ ತೋಡೋಕೆ ಶುರು ಮಾಡಿದರು. ಸೈಲೀಷಿಯಾ ಕಡೆಯಿಂದ ಪೋಲಿಷ್ ಮಾತಾಡೋ ಕಾರ್ಮಿಕರು ಗುಂಪುಗುಂಪಾಗಿ ಬಂದರು. 1919ರಲ್ಲಿ ಹಳ್ಳಿ ನಗರವಾಯ್ತು.

1957ರಲ್ಲಿ ಪಶ್ಚಿಮ ಜರ್ಮನಿಯ ಕಲ್ಲಿದ್ದಲು ಗಣಿಗಳಲ್ಲಿ ಸುಮಾರು 6 ಲಕ್ಷ ಜನ ಕೆಲಸದಲ್ಲಿದ್ದರು. ಆಮೇಲೆ ಲೆಕ್ಕ ತಲೆಕೆಳಗಾಯ್ತು. ಪೆಟ್ರೋಲಿಯಂ ಅಗ್ಗವಾಯ್ತು, ಹೊರದೇಶದ ಕಲ್ಲಿದ್ದಲು ಇನ್ನೂ ಅಗ್ಗ. ಇಲ್ಲಿನ ಕಲ್ಲಿದ್ದಲು ತೆಗೆಯೋಕೆ ಒಂದು ಕಿಲೋಮೀಟರಿಗಿಂತ ಆಳಕ್ಕೆ ಇಳೀಬೇಕಿತ್ತು. ದಶಕಗಳ ಕಾಲ ಸಬ್ಸಿಡಿಯೇ ಗಣಿಗಳನ್ನು ಉಳಿಸಿತು.

2007ರಲ್ಲಿ ಒಂದು ತೀರ್ಮಾನ ಆಯ್ತು: 2018ಕ್ಕೆ ಎಲ್ಲಾ ಬಂದ್. ಅಂದ್ರೆ 11 ವರ್ಷದ ನೋಟಿಸ್. ಹಿರಿಯರಿಗೆ ಮುಂಚಿತ ನಿವೃತ್ತಿ, ಕಿರಿಯರಿಗೆ ಬೇರೆ ಕೆಲಸದ ತರಬೇತಿ. 2018ರ ಡಿಸೆಂಬರ್ 21ರಂದು ಬೊಟ್ರೊಪ್‌ನ ಪ್ರಾಸ್ಪರ್-ಹಾನಿಯಲ್ ಗಣಿಯಿಂದ ಬಂದ ಕೊನೆಯ ಕಲ್ಲಿದ್ದಲನ್ನು ರಾಷ್ಟ್ರಾಧ್ಯಕ್ಷ ಸ್ಟೈನ್‌ಮಾಯರ್ ಕೈಗೆ ಕೊಟ್ಟರು.

ಕಥೆ ಅಲ್ಲಿಗೆ ಮುಗೀಲಿಲ್ಲ. ಕಲ್ಲಿದ್ದಲು ತೆಗೆದ ಜಾಗದಲ್ಲಿ ನೆಲ ಕುಸಿದಿದೆ, ರೂರ್‌ನ ಕೆಲವು ಕಡೆ 20 ಮೀಟರಿಗಿಂತ ಹೆಚ್ಚು. ಮಳೆನೀರು ತಾನಾಗೇ ಹರಿದುಹೋಗಲ್ಲ. ಪಂಪ್ ನಿಂತರೆ ಮನೆ, ರಸ್ತೆ ಎಲ್ಲಾ ಕೆರೆ. ಗಣಿಯೊಳಗಿನ ಉಪ್ಪುನೀರು ಮೇಲೆದ್ದು ಕುಡಿಯೋ ನೀರಿಗೆ ಸೇರದ ಹಾಗೂ ನೋಡ್ಕೋಬೇಕು. ಎಷ್ಟು ವರ್ಷ? ಕೊನೆಯೇ ಇಲ್ಲ. ಅದಕ್ಕೇ ಜರ್ಮನ್ನರು ಇದನ್ನ 'ಶಾಶ್ವತ ಹೊರೆ' ಅಂತಾರೆ.

ನಾನು ಬಿಕಾಂ ಓದುವಾಗ 'ಪ್ರಾವಿಷನ್' ಅನ್ನೋದು ಪರೀಕ್ಷೆಗೆ ಬಾಯಿಪಾಠ ಮಾಡೋ ಪದ ಆಗಿತ್ತು. ಇಲ್ಲಿ ಅದಕ್ಕೆ ಜೀವ ಇದೆ. 2007ರಲ್ಲೇ ಆರ್‌ಎಜಿ ಫೌಂಡೇಷನ್ ಕಟ್ಟಿ, ಗಣಿ ಕಂಪನಿಯ ಕೈಯಲ್ಲಿದ್ದ ಎವೊನಿಕ್ ಷೇರುಗಳನ್ನು ಅದಕ್ಕೆ ಒಪ್ಪಿಸಿದರು. 2019ರಿಂದ ಈ ಬಿಲ್ ಕಟ್ಟುತ್ತಿರೋದು ಆ ಫೌಂಡೇಷನ್.

ಬೊಟ್ರೊಪ್‌ನಲ್ಲಿ ಗಣಿಯ ಕಲ್ಲುಮಣ್ಣಿನ ಗುಡ್ಡದ ಮೇಲೆ ಇನ್‌ಡೋರ್ ಸ್ಕೀ ಹಾಲ್ ಕಟ್ಟಿದರು, ಊರಲ್ಲಿ ಕಾಲೇಜು ಬಂದಿದೆ. ಹಾಗಂತ ಗಣಿ ಕೊಡ್ತಿದ್ದಷ್ಟು ಕೆಲಸ ಸ್ಕೀ ಹಾಲ್ ಕೊಡಲ್ಲ.

ಲಾಭ ಎಣಿಸೋದು ಸುಲಭ. ಬಾಗಿಲು ಹಾಕಿದ ಮೇಲಿನ ಖರ್ಚನ್ನು, ಬಾಗಿಲು ತೆರೆದಿರುವಾಗಲೇ ಎತ್ತಿಡಬೇಕು. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.