ಜವೆಗೋಧಿಯ ಮೊದಲ ಎಲೆ

ಗೋಧಿಹುಲ್ಲಿನ ಜ್ಯೂಸು ಕುಡಿಯುವವರಲ್ಲಿ ಅನೇಕರಿಗೆ ಅದು ಋಷಿಮುನಿಗಳ ಕಾಲದ್ದು ಅನ್ನೋ ನಂಬಿಕೆ. ಆದರೆ ಈ ಕಥೆಯ ಒಂದು ತುದಿ ಇರೋದು ಅಮೆರಿಕದ ಕೋಳಿಗೂಡಿನಲ್ಲಿ!

1930ರ ಸುಮಾರಿಗೆ ಕ್ಯಾನ್ಸಸ್ ಸಿಟಿಯ ಕೃಷಿ ರಸಾಯನ ತಜ್ಞ ಚಾರ್ಲ್ಸ್ ಷ್ನಾಬೆಲ್, ಎಳೆ ಧಾನ್ಯದ ಪೈರನ್ನು ಒಣಗಿಸಿ ಕೋಳಿಗಳಿಗೆ ತಿನ್ನಿಸಿದ. ಕೋಳಿಗಳು ಚೇತರಿಸಿಕೊಂಡವು, ಮೊಟ್ಟೆ ಹೆಚ್ಚಾಯಿತು. ಪೈರು ಗೆಣ್ಣು ಬಿಡೋ ಮೊದಲೇ ಕೊಯ್ಯಬೇಕು ಅನ್ನೋದು ಅವನ ಹಟ. ಅದನ್ನೇ 'ಸೆರೋಫಿಲ್' ಅಂತ ಮನುಷ್ಯರಿಗೂ ಮಾರಿದರು. 1936ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕೋಹ್ಲರ್, ಎಲ್ವೆಹ್ಯೆಮ್ ಮತ್ತು ಹಾರ್ಟ್, ಹುಲ್ಲಿನ ರಸದಲ್ಲಿ ಬೆಳವಣಿಗೆ ಹೆಚ್ಚಿಸುವ ಏನೋ ಒಂದಿದೆ ಅಂದರು. ಅದೇ ವರ್ಷ ಹಂಗೇರಿಯ ಸೆಂಟ್ ಜ್ಯೋರ್ಜಿ ತಂಡ ಫ್ಲೇವನಾಯ್ಡ್‌ಗಳಿಗೆ 'ವಿಟಮಿನ್ ಪಿ' ಅಂತ ಹೆಸರಿಟ್ಟಿತು. ಎರಡೂ ಉಳಿಯಲಿಲ್ಲ ನೋಡಿ. ಹುಲ್ಲಿನ ಆ 'ಏನೋ' ಒಂದೇ ವಸ್ತುವಾಗಿ ಕೈಗೆ ಸಿಗಲೇ ಇಲ್ಲ. 'ವಿಟಮಿನ್ ಪಿ' ಹೆಸರನ್ನು 1950ರಲ್ಲಿ ಕೈಬಿಟ್ಟರು.

ಹಾಗಾದರೆ ಎಳೆ ಎಲೆಯಲ್ಲಿ ಇರೋದೇನು? ಇದಕ್ಕೆ ಇನ್ನೂ ಹಿಂದೆ ಹೋಗಬೇಕು. ಸಪೊನೇರಿಯ ಎಂಬ ಗಿಡದ ಎಲೆಗೆ ಅಯೋಡಿನ್ ಹಾಕಿದರೆ ಪಿಷ್ಟದ ಹಾಗೆ ನೀಲಿಯಾಗುತ್ತಿತ್ತು. ಕರಗುವ ಪಿಷ್ಟ ಇರಬೇಕು ಅಂದುಕೊಂಡಿದ್ದರು. 1906ರಲ್ಲಿ ಜಾರ್ಜ್ ಬಾರ್ಜರ್, ಇದು ಪಿಷ್ಟವಲ್ಲ, ಬೇರೆಯೇ ವಸ್ತು ಅಂತ ತೋರಿಸಿ 'ಸಪೊನೇರಿನ್' ಎಂದ. 1957ರಲ್ಲಿ ಸೈಕೆಲ್ ಮತ್ತು ಗೈಸ್‌ಮನ್ ಜವೆಗೋಧಿಯ, ಅಂದರೆ ಬಾರ್ಲಿಯ, ಸಪೊನೇರಿನ್ ಬಗ್ಗೆ ಬರೆದರು. ಅದರ ಜೊತೆಗಾರ ಲುಟೊನೇರಿನ್. ಎರಡೂ ಫ್ಲೇವನಾಯ್ಡ್‌ಗಳೇ.

ಗಿಡ ಇವನ್ನು ತಯಾರಿಸೋದು ನಮ್ಮ ಲೋಟಕ್ಕಲ್ಲ, ತನಗಾಗಿ. ಮಣ್ಣಿಂದ ತಲೆ ಎತ್ತಿದ ಸಸಿಗೆ ಮೊದಲ ಕಂಟಕ ಬಿಸಿಲು. ಫಿನೈಲ್ ಅಲನಿನ್ ಎಂಬ ಅಮೈನೋ ಆಮ್ಲದಿಂದ ಶುರುವಾಗಿ, ಒಂದೊಂದು ಕಿಣ್ವದ ಕೈ ದಾಟಿ ಫ್ಲೇವನಾಯ್ಡ್ ಹುಟ್ಟುತ್ತದೆ. ಸಕ್ಕರೆ ಅಂಟಿಸಿಕೊಂಡ ಮೇಲೆ ಜೀವಕೋಶದ ರಸಕೋಶ ಸೇರುತ್ತದೆ. ಆಮ್ಲೀಯ ರಸಕೋಶದಿಂದ ಒಂದು ಪ್ರೋಟಾನ್ ಹೊರಬಂದರೆ ಸಪೊನೇರಿನ್ ಒಳಹೋಗುತ್ತದೆ, ಒಂಥರಾ ಕೊಟ್ಟು ತಗೊಳ್ಳೋ ವ್ಯವಹಾರ. ಲುಟೊನೇರಿನ್ ಹೆಚ್ಚಾಗಿ ಎಲೆಯ ಹೊರಪದರದಲ್ಲಿರುತ್ತದೆ, ಬೆಳಕು ಬಿದ್ದಷ್ಟೂ ಹೆಚ್ಚುತ್ತದೆ. ನವರಾತ್ರಿಯ ಘಟದ ಪಕ್ಕ ನೆರಳಲ್ಲಿ ಬೆಳೆದ ಆ ಹಳದಿ ಸಸಿಗಳಲ್ಲಿ ಇದು ಕಮ್ಮಿಯೇ ಇರಬೇಕು. 1990ರ ದಶಕದಲ್ಲಿ ಜರ್ಮನಿಯ ಕಲೋನ್‌ನ ವಿಜ್ಞಾನಿಗಳು ಮತ್ತವರ ಜೊತೆಗಾರರು ಫ್ಲೇವನಾಯ್ಡ್ ಕೊರತೆಯಿದ್ದ ಬಾರ್ಲಿ ತಳಿಗಳನ್ನು ಪರೀಕ್ಷಿಸಿದಾಗ, ಅತಿನೇರಳೆ ಕಿರಣಕ್ಕೆ ಅವು ಹೆಚ್ಚು ನಲುಗಿದವು.

ಬಲಿತಂತೆ ಎಲೆಯಲ್ಲಿ ಸಪೊನೇರಿನ್ ಪಾಲು ಇಳಿಯುತ್ತದೆ. ಗೆಣ್ಣಿಗೆ ಮೊದಲೇ ಕೊಯ್ಯಿರಿ ಅಂದ ಷ್ನಾಬೆಲ್‌ಗೆ ಈ ಹೆಸರು ಗೊತ್ತಿತ್ತೋ ಇಲ್ಲವೋ, ಅವನ ಗಮನವೆಲ್ಲ ವಿಟಮಿನ್ನು, ಪ್ರೋಟೀನಿನ ಮೇಲಿತ್ತು.

1992ರಲ್ಲಿ ಎಳೆ ಬಾರ್ಲಿ ಎಲೆಯ ಇಂಥದ್ದೇ ಒಂದು ಫ್ಲೇವನಾಯ್ಡ್ ಉತ್ಕರ್ಷಣ ತಡೆಯುತ್ತದೆಂದು ಜಪಾನ್ ಮತ್ತು ಅಮೆರಿಕದ ಸಂಶೋಧಕರು ಪ್ರಕಟಿಸಿದರು. ಪ್ರಯೋಗಾಲಯದ ಗಾಜಿನೊಳಗೆ ಅಷ್ಟೇ. ಗಾಜಿಗೂ ನಮ್ಮ ಹೊಟ್ಟೆಗೂ ಬಹಳ ದೂರ. ಜಾಹೀರಾತಿನವರಿಗೆ ಅದು ಕಾಣಲ್ಲ, ಬಿಡಿ.

ಅಂದಹಾಗೆ ಆ ಸೆರೋಫಿಲ್ ಪುಡಿಗೆ ಇನ್ನೊಂದು ಗಿರಾಕಿವರ್ಗ ಸಿಕ್ಕಿತು: ಜೀವಶಾಸ್ತ್ರದ ಪ್ರಯೋಗಾಲಯಗಳು. ಅಲ್ಲಿ ಅದನ್ನು ಕುದಿಸಿ ಸೋಸಿ, ಬ್ಯಾಕ್ಟೀರಿಯಾ ಬೆಳೆಸಿ, ಪ್ಯಾರಾಮೀಸಿಯಂಗಳನ್ನು ಸಾಕಿದರು.