ಜಿಂಜರ್‌ನ ಮೂಲ ನಮ್ಮ ದಕ್ಷಿಣದ್ದು

ಸಾಗರದ ಕಡೆಯ ನಮ್ಮ ಹೊಲದಲ್ಲಿ ಶುಂಠಿ ಕಿತ್ತು, ಮಣ್ಣು ಕೊಡವಿ, ಗೆಡ್ಡೆಯ ಕವಲು ಮುರಿದಾಗ ಏಳುವ ಘಾಟು ನನಗೆ ಬಲು ಇಷ್ಟ. ಇಂಗ್ಲಿಷಿನ ‘ಜಿಂಜರ್’ ಹೊರಟದ್ದೂ ದಕ್ಷಿಣದ ಇಂಥ ಮಣ್ಣಿನಿಂದಲೇ. ತಮಿಳು, ಮಲಯಾಳಂನವರು ಹಸಿ ಶುಂಠಿಗೆ ‘ಇಂಜಿ’ ಅನ್ನುತ್ತಾರೆ. ಅದಕ್ಕೆ ‘ವೇರ್’, ಅಂದರೆ ನಮ್ಮ ‘ಬೇರು’, ಸೇರಿ ಪಾಲಿಯಲ್ಲಿ ‘ಸಿಂಗಿವೇರ’ ಆಯಿತು. ಸಂಸ್ಕೃತದ ‘ಶೃಂಗವೇರ’ವನ್ನು ನೋಡಿ, ಕೊಂಬಿನಾಕಾರದ ಗೆಡ್ಡೆ ಎಂದು ಅರ್ಥ ಹೇಳುವವರಿದ್ದಾರೆ, ಅದು ಆಮೇಲೆ ಹೊಂದಿಸಿಕೊಂಡ ಅರ್ಥ ಎಂಬ ಭಾಷಾತಜ್ಞರ ಮಾತೇ ನನಗೆ ಸರಿಯೆನಿಸುತ್ತದೆ.

ಮಲಬಾರಿನ ಮುಜಿರಿಸ್‌ನಂಥ ಬಂದರುಗಳಲ್ಲಿ ಸಾಂಬಾರ ಪದಾರ್ಥಗಳು ಹಡಗು ಹತ್ತುತ್ತಿದ್ದ ಕಾಲ. ಸರಕಿನ ಜೊತೆ ಹೆಸರೂ ಹೋಯಿತು: ಗ್ರೀಕರಲ್ಲಿ ‘ಜಿಂಗಿಬೆರಿಸ್’, ರೋಮನರಲ್ಲಿ ‘ಜಿಂಗಿಬೆರ್’. ಶುಂಠಿಯೆಂದರೆ ಮೆಣಸಿನ ಗಿಡದ ಬೇರಲ್ಲ ಎಂದು 1ನೇ ಶತಮಾನದ ರೋಮನ್ ಲೇಖಕ ಪ್ಲಿನಿ ತನ್ನ ಜನರಿಗೆ ತಿಳಿಹೇಳಬೇಕಾಯಿತು. ಬೆಳೆಯನ್ನು ಕಣ್ಣಾರೆ ಕಾಣದವರು ಅವರು, ಪಾಪ. ಗೆಡ್ಡೆಯಷ್ಟೇ ಅವರ ಕೈಸೇರುತ್ತಿತ್ತು.

ಹಳೆಯ ಇಂಗ್ಲಿಷಿಗೆ ಬರುವಷ್ಟರಲ್ಲಿ ಅದು ‘ಜಿಂಜಿಫರ್’. 1807ರಲ್ಲಿ ಲಿವರ್‌ಪೂಲಿನ ವಿಲಿಯಂ ರಾಸ್ಕೊ ಈ ಗಿಡಕ್ಕೆ ‘ಜಿಂಜಿಬರ್ ಅಫಿಷಿನೇಲ್’ ಎಂಬ ಶಾಸ್ತ್ರೀಯ ಹೆಸರು ಕೊಟ್ಟ. ಜಗತ್ತಿನ ಸಸ್ಯವಿಜ್ಞಾನಿಗಳು ಇಂದಿಗೂ ಬಳಸುವುದು ಅದನ್ನೇ.