ನಿಂತ ಮುಟ್ಟಿನ ಅರ್ಥ: ಗದ್ವಾಲ, ಮಕ್ತಲ, ನಾರಾಯಣಪೇಟೆ ಸೀಮೆಯಲ್ಲಿ ಗರ್ಭನಿರೋಧದ ಚರಿತ್ರೆ

ಕೃಷ್ಣೆ ಮತ್ತು ತುಂಗಭದ್ರೆಯರ ನಡುವಣ ಗದ್ವಾಲವೂ ಕೃಷ್ಣೆಯ ಉತ್ತರಕ್ಕಿರುವ ಮಕ್ತಲ, ನಾರಾಯಣಪೇಟೆಗಳೂ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. 1956ರ ನವೆಂಬರ್ 1ರಂದು ರಾಜ್ಯಗಳು ಭಾಷಾವಾರು ಪುನರ್ವಿಂಗಡಣೆಯಾದಾಗ, ಅದುವರೆಗೆ ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ಆಂಧ್ರಪ್ರದೇಶದ ಮಹಬೂಬ್‌ನಗರ ಜಿಲ್ಲೆಯ ಪಾಲಾದವು. ಹೀಗಾಗಿ ಇಲ್ಲಿನ ಕನ್ನಡ ಮನೆಮಾತಿನ ಕುಟುಂಬಗಳ ಬಳಗ ಮತ್ತು ಬೀಗತನ ರಾಯಚೂರಿನ ಕಡೆಗೆ ಉಳಿದರೂ, ಸರ್ಕಾರದ ಆರೋಗ್ಯ ಸೇವೆ ಹೈದರಾಬಾದಿನಿಂದ, ತೆಲುಗಿನ ಆಡಳಿತದ ಮೂಲಕ ಬರತೊಡಗಿತು. ಈ ಸೀಮೆಯಲ್ಲಿ ಗರ್ಭನಿರೋಧದ ಚರಿತ್ರೆಯನ್ನು ಬರೆಯುವವರು ಯಾವ ಸಾಧನ ಯಾವಾಗ ಬಂದಿತು ಎಂಬುದರ ಜೊತೆಗೆ, ಒಂದೊಂದು ಸಾಧನವೂ ಮುಟ್ಟಿನ ಅರ್ಥವನ್ನು ಹೇಗೆ ಬದಲಿಸಿತು ಎಂಬುದನ್ನೂ ಗಮನಿಸಬೇಕಾಗುತ್ತದೆ.

ಸೂಲಗಿತ್ತಿಯರ ಕಾಲದಲ್ಲಿ ಮದುವೆಯಾದ ಪ್ರಾಯದ ಹೆಂಗಸು ತಿಂಗಳು ಕಳೆದರೂ ಹೊರಗಾಗಲಿಲ್ಲವೆಂದರೆ, ಹಾಲುಣಿಸುವ ಕಾಲವೊಂದನ್ನು ಬಿಟ್ಟು, ಸಾಮಾನ್ಯವಾಗಿ ಬಸಿರೆಂದೇ ಎಣಿಸಲಾಗುತ್ತಿತ್ತು. ಸರ್ಕಾರಿ ಗರ್ಭನಿರೋಧವೂ ಮೊದಲಿಗೆ ಈ ಎಣಿಕೆಯನ್ನೇ ಆಧರಿಸಿತ್ತು. ಮೈಸೂರು ಸಂಸ್ಥಾನವು 1930ರಲ್ಲೇ ತನ್ನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕೇಂದ್ರಗಳನ್ನು ತೆರೆಯಲು ಆದೇಶಿಸಿತ್ತು. ಸ್ವಾತಂತ್ರ್ಯಾನಂತರ ವಿಶ್ವ ಆರೋಗ್ಯ ಸಂಸ್ಥೆಯ ಮೂಲಕ ಬಂದ ಅಮೆರಿಕದ ವೈದ್ಯ ಅಬ್ರಹಾಂ ಸ್ಟೋನ್ ಅವರ ಸಲಹೆಯಂತೆ, ಅದೇ ಮೈಸೂರು ಸೀಮೆಯ ರಾಮನಗರದಲ್ಲಿ ಲಯ ವಿಧಾನದ, ಅಂದರೆ ಮುಟ್ಟಿನ ದಿನದಿಂದ ಲೆಕ್ಕ ಹಾಕಿ ಗರ್ಭ ನಿಲ್ಲಬಹುದಾದ ದಿನಗಳಲ್ಲಿ ದೂರವಿರುವ ಕ್ರಮದ, ಪ್ರಯೋಗ ನಡೆದು, ದಿನಕ್ಕೊಂದು ಮಣಿ ಸರಿಸುವ ಬಣ್ಣದ ಸರಗಳನ್ನು ಹೆಂಗಸರಿಗೆ ಹಂಚಲಾಯಿತು. ಮುಟ್ಟು ತಪ್ಪದೆ ಬರುವವರಿಗೆ ಮಾತ್ರ ಹೊಂದುವ ಈ ಲೆಕ್ಕ, ಬಾಣಂತಿಯರಿಗೂ ಮುಟ್ಟು ಹಿಂದುಮುಂದಾಗುವವರಿಗೂ ನೆರವಾಗಲಿಲ್ಲ.

1952ರಲ್ಲಿ ಆರಂಭವಾದ ರಾಷ್ಟ್ರೀಯ ಕುಟುಂಬ ಯೋಜನಾ ಕಾರ್ಯಕ್ರಮವು 1965ರಲ್ಲಿ ಗರ್ಭಕೋಶದೊಳಗೆ ಇರಿಸುವ ಲೂಪನ್ನು ಹಳ್ಳಿಗಳಿಗೆ ಒಯ್ದಿತು. ಕನ್ನಡ ನಾಡಿನಲ್ಲಿ ವಂಕಿ ಎಂದು ಹೆಸರಾದ ಈ ಸಾಧನ ಮುಟ್ಟನ್ನು ನಿಲ್ಲಿಸುವುದಿಲ್ಲ, ಬದಲಾಗಿ ಅನೇಕರಲ್ಲಿ ರಕ್ತಸ್ರಾವವನ್ನೂ ನೋವನ್ನೂ ಹೆಚ್ಚಿಸುತ್ತದೆ. ಇದನ್ನು ಮೊದಲೇ ತಿಳಿಸದೆ ಹಾಕಿದ್ದರಿಂದ ಹಲವರು ಹೆದರಿ ತೆಗೆಸಿಕೊಂಡರು. ಮುಂದೆ ಬಂದ ಕಾಪರ್-ಟಿಯೂ ಅಂಡಾಶಯದಿಂದ ಅಂಡ ಹೊರಬರುವುದನ್ನು ತಡೆಯುವುದಿಲ್ಲವಾದ್ದರಿಂದ, ಅದನ್ನು ಹಾಕಿಸಿಕೊಂಡವರಲ್ಲಿ ಮುಟ್ಟು ತಪ್ಪಿದರೆ, ಗರ್ಭವು ಗರ್ಭಕೋಶದ ಹೊರಗೆ ನಿಂತಿರುವ ಅಪಾಯವನ್ನೂ ನೆನೆದು ತಡಮಾಡದೆ ಪರೀಕ್ಷಿಸಬೇಕಾಗುತ್ತದೆ. ಆಂಧ್ರಪ್ರದೇಶದ ಆಡಳಿತ ಹೆಚ್ಚಾಗಿ ನೆಚ್ಚಿಕೊಂಡ ಹೆಂಗಸರ ಆಪರೇಷನ್ನು ಅಂಡನಾಳಗಳನ್ನಷ್ಟೇ ಮುಚ್ಚುವುದರಿಂದ ಮುಟ್ಟು ಎಂದಿನಂತೆ ನಡೆಯುತ್ತದೆ, ಆದರೆ ಅದು ಮಕ್ಕಳ ನಡುವೆ ಅಂತರ ಬಯಸುವ ಎಳೆಯ ತಾಯಂದಿರಿಗೆ ಸಲ್ಲುವ ಮಾರ್ಗವಲ್ಲ.

ಅಂತಹವರಿಗಾಗಿ ಬಂದ ಹಾರ್ಮೋನಿನ ಸಾಧನಗಳು, ಅಂದರೆ ದೇಹದ ರಸಗಳನ್ನು ಹೋಲುವ ಔಷಧಗಳು, ಹಳೆಯ ಎಣಿಕೆಯನ್ನು ತಲೆಕೆಳಗು ಮಾಡಿದವು. ಇಪ್ಪತ್ತೊಂದು ಹಾರ್ಮೋನಿನ ಮತ್ತು ಏಳು ಕಬ್ಬಿಣಾಂಶದ ಗುಳಿಗೆಗಳಿರುವ ಮಾಲಾ-ಎನ್ ನುಂಗುವವರಲ್ಲಿ ಆ ಏಳು ದಿನಗಳಲ್ಲಿ ಕಾಣುವ ಸ್ರಾವಕ್ಕೆ ಕಾರಣ ಹಾರ್ಮೋನು ನಿಂತದ್ದೇ ಹೊರತು ಸಹಜ ಋತುಚಕ್ರವಲ್ಲ. ಗುಳಿಗೆ ಬಿಟ್ಟ ಮೇಲೆ ಸಹಜ ಮುಟ್ಟು ಮರಳಲು ಕೆಲವರಿಗೆ ಒಂದೆರಡು ತಿಂಗಳು ಹಿಡಿಯುತ್ತದೆ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡ, ಈಗ ಛಾಯಾ ಎಂಬ ಹೆಸರಿನಲ್ಲಿ ಕೊಡುವ ಗುಳಿಗೆ ಹಾರ್ಮೋನಲ್ಲದಿದ್ದರೂ ಮುಟ್ಟನ್ನು ಮುಂದೆ ತಳ್ಳಬಲ್ಲದು. 2017ರಲ್ಲಿ ಸರ್ಕಾರಿ ಆಸ್ಪತ್ರೆಗಳಿಗೆ ಬಂದ, ಮೂರು ತಿಂಗಳಿಗೊಮ್ಮೆ ಚುಚ್ಚುವ ಅಂತರಾ ಇಂಜೆಕ್ಷನ್ನಿನಲ್ಲಂತೂ ಮುಟ್ಟು ಪೂರ್ತಿ ನಿಲ್ಲುವುದು ಸಾಮಾನ್ಯ, ಮತ್ತು ಅದನ್ನು ಬಿಟ್ಟು ಬೇರೆ ಸಾಧನಕ್ಕೆ ಹೊರಳಿದ ಮೇಲೂ ಅದರ ಪರಿಣಾಮ ಹಲವು ತಿಂಗಳು ಉಳಿಯುತ್ತದೆ.

ಇಲ್ಲಿಯೇ ಗೊಂದಲ ಹುಟ್ಟುತ್ತದೆ. ಮುಟ್ಟಿಗೆ ಮುಂಚೆಯೇ ಅಂಡ ಬಿಡುಗಡೆಯಾಗುವುದರಿಂದ, ಇಂಜೆಕ್ಷನ್ನಿನ ಅವಧಿ ಮುಗಿದು ಹೊಸ ಸಾಧನ ಹಿಡಿಯದ ಹೆಂಗಸು ಒಮ್ಮೆಯೂ ಹೊರಗಾಗದೆಯೇ ಬಸಿರಾಗಬಹುದು. ಹಾಗೆಂದು ನಿಂತ ಮುಟ್ಟೆಲ್ಲ ಬಸಿರೂ ಅಲ್ಲ, ರೋಗವೂ ಅಲ್ಲ. ಮೊದಲು ಮೂತ್ರ ಪರೀಕ್ಷೆಯಿಂದ ಬಸಿರಿನ ಸಂದೇಹ ಕಳೆದುಕೊಂಡು, ಗುಳಿಗೆ ಬಿಟ್ಟು ಮೂರು ತಿಂಗಳಾದರೂ ಮುಟ್ಟು ಬಾರದಿದ್ದರೆ ಥೈರಾಯ್ಡ್ ಮೊದಲಾದ ಬೇರೆ ಕಾರಣಗಳಿಗಾಗಿ ವೈದ್ಯರನ್ನು ಕಾಣುವುದು ಸರಿಯಾದ ದಾರಿ.

ತಿಳಿವಳಿಕೆ ನೀಡದೆ ಸಾಧನ ನೀಡಿದ್ದಕ್ಕೆ ಈ ಸೀಮೆಯ ನೆರೆಯಲ್ಲೇ ನಿದರ್ಶನವಿದೆ. 1985ರಲ್ಲಿ ಹೈದರಾಬಾದಿನ ಬಳಿಯ ಪಟಾನ್‌ಚೆರುವಿನಲ್ಲಿ ನೆಟ್-ಎನ್ ಎಂಬ ಇಂಜೆಕ್ಷನ್ನಿನ ಪ್ರಯೋಗಕ್ಕೆ ಕರೆತಂದ ಹೆಂಗಸರಿಗೆ ಅದರ ಪರಿಣಾಮಗಳನ್ನು ಸರಿಯಾಗಿ ತಿಳಿಸಿಲ್ಲವೆಂದು ಸ್ತ್ರೀ ಶಕ್ತಿ ಸಂಘಟನೆ ಪ್ರತಿಭಟಿಸಿ, ಇತರ ಮಹಿಳಾ ಸಂಘಟನೆಗಳೊಡನೆ ಸುಪ್ರೀಂ ಕೋರ್ಟಿನ ಮೊರೆಹೊಕ್ಕಿತು. ಆ ಹೋರಾಟ ಎತ್ತಿದ ಪ್ರಶ್ನೆ ಗಡಿಯ ಕನ್ನಡತಿಯರ ಪಾಲಿಗೆ ಇನ್ನೂ ಹರಿತವಾದುದು. ದುಡಿಮೆಗಾಗಿ ಊರೂರು ವಲಸೆ ಹೋಗುವ ಪಾಲಮೂರು (ಮಹಬೂಬ್‌ನಗರ) ಸೀಮೆಯ ಹೆಂಗಸಿಗೆ ಒಂದೂರಿನಲ್ಲಿ ಇಂಜೆಕ್ಷನ್, ಇನ್ನೊಂದೂರಿನಲ್ಲಿ ಗುಳಿಗೆ ದೊರೆಯಬಹುದು. ಆದರೆ ಎರಡರ ನಡುವೆ ತನ್ನ ಮೈಯಲ್ಲಿ ಏನಾಗುತ್ತದೆಂಬ ವಿವರಣೆ ಅವಳಿಗೆ ಅವಳ ಮನೆಮಾತಿನಲ್ಲೇ ದೊರೆತಾಗ ಮಾತ್ರ, ಆಯ್ಕೆ ಎಂದು ಸರ್ಕಾರ ಕರೆಯುವುದು ನಿಜಕ್ಕೂ ಅವಳ ಆಯ್ಕೆಯಾಗುತ್ತದೆ.